ಕಪ್ಪು ಪೆಟ್ಟಿಗೆ ತೆರೆದ ಶನಿವಾರ

ಕಳೆದ ತಿಂಗಳು ಒಬ್ಬ ಹುಡುಗಿ ಫೋನ್ ಮಾಡಿದ್ದಳು. ನಾನು ನಿವೃತ್ತಳಾದ ಮೇಲೆ ನನ್ನ ಜಾಗಕ್ಕೆ ಬಂದ ರೇಷ್ಮೆ ಪ್ರದರ್ಶಕಿ. ಊರು ಕಾರವಾರದ ಕಡೆ. ಆರೋಗ್ಯ ವಿಚಾರಿಸಿ, ಸ್ವಲ್ಪ ಹೊತ್ತು ಸುತ್ತಿ ಬಳಸಿ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದಳು.

"ಮೇಡಂ, ನೀವು ಮದ್ದೂರು, ಮಳವಳ್ಳಿ ಅಂತ ಇಡೀ ಸರ್ವಿಸ್ ಇಲ್ಲೇ ಮುಗಿಸಿದಿರಂತೆ. ಹೇಗೆ ಇದ್ದಿರಿ? ನನಗೆ ಮೂರು ತಿಂಗಳಿಗೇ ಸಾಕಾಗಿದೆ. ವರ್ಗ ಮಾಡಿಸಿಕೊಳ್ಳಲಿಕ್ಕೆ ಯಾರನ್ನು ಹಿಡಿಯಬೇಕು?"

ಯಾರನ್ನು ಹಿಡಿಯಬೇಕು ಎಂಬುದಕ್ಕೆ ಉತ್ತರ ನನ್ನಲ್ಲಿತ್ತು. ಹೇಗೆ ಇದ್ದಿರಿ ಎಂಬುದಕ್ಕೆ ಮಾತ್ರ ಫೋನಿನಲ್ಲಿ ಹೇಳಿ ಮುಗಿಸುವಂಥ ಉತ್ತರ ಇರಲಿಲ್ಲ. "ಬರೆದು ಕಳಿಸ್ತೇನೆ ಮಾರಾಯ್ತಿ" ಎಂದು ಫೋನಿಟ್ಟೆ. ಅವಳಿಗೂ, ಅವಳ ಹಾಗೆ ಹೊಸದಾಗಿ ಈ ಕೆಲಸಕ್ಕೆ ಬರುವವರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಪ್ರಶಂಸಾ ಪತ್ರಗಳ ವಿಷಯ ಇದರಲ್ಲಿಲ್ಲ. ಅವೆಲ್ಲ ಟ್ರಂಕಿನಲ್ಲಿವೆ, ಅಲ್ಲೇ ಇರಲಿ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಆ ಸೀಮೆ ಹಿಡಿಸಿರಲಿಲ್ಲ. ಸ್ವಲ್ಪವೂ ಹಿಡಿಸಿರಲಿಲ್ಲ.

ನಾನು ಹುಟ್ಟಿದ್ದು ಕರಾವಳಿಯಲ್ಲಿ, ಸಮುದ್ರದ ಸದ್ದು ಕೇಳುವ ಮನೆಯಲ್ಲಿ. ಅಪ್ಪ ಹೆಂಚಿನ ಕಾರ್ಖಾನೆಯ ಕೆಲಸಗಾರ. ಭಾನುವಾರ ಬೆಳಿಗ್ಗೆ ದೇವಾಲಯದಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ ಆರಾಧನೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಮತ್ತು ಬಂಗುಡೆ ಸಾರು, ಸಂಜೆ ಮರಳಿನ ಮೇಲೆ ಕೂತು ಕೀರ್ತನೆ. ಲೋಕವೆಲ್ಲ ಹೀಗೇ ಇದೆ ಎಂದು ತಿಳಿದಿದ್ದವಳಿಗೆ ಸರ್ಕಾರಿ ಕೆಲಸದ ಆದೇಶ ಬಂತು, ಮದ್ದೂರಿಗೆ. ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಸೆಕೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಕಿವಿ ಸಮುದ್ರವನ್ನು ಹುಡುಕುತ್ತಿತ್ತು. ಕೇಳುತ್ತಿದ್ದದ್ದು ಕಬ್ಬಿನ ಲಾರಿಗಳ ಸದ್ದು.

ಕೆಲಸ ಏನೆಂದರೆ, ಊರೂರು ತಿರುಗಿ ಹಿಪ್ಪುನೇರಳೆ ಬೆಳೆಯುವುದನ್ನೂ ಹುಳ ಸಾಕುವುದನ್ನೂ ರೈತರಿಗೆ ತೋರಿಸಿಕೊಡುವುದು. ತೋರಿಸಿಕೊಡುವುದು ಎಂಬುದು ಇಲಾಖೆಯ ಮಾತು. ಮೊದಲ ಎರಡು ವರ್ಷ ತೋರಿಸಿಕೊಟ್ಟವರು ಅವರು, ಕಲಿತವಳು ನಾನು. ನನಗೆ ಬಂದ ಊರುಗಳಲ್ಲಿ ದೊಡ್ಡದು ಚಿಕ್ಕರಸಿನಕೆರೆ. ಅಲ್ಲಿ ಮೊದಲ ದಿನ ಹೋದ ಮನೆ ಪುಟ್ಟತಾಯಮ್ಮನವರದು. ಗಂಡ ತೀರಿಕೊಂಡ ಮೇಲೆ ಹೊಲ, ಹುಳಮನೆ ಎರಡನ್ನೂ ತಾವೇ ನೋಡಿಕೊಳ್ಳುತ್ತಿದ್ದ ಗಟ್ಟಿ ಹೆಂಗಸು. ಒಬ್ಬನೇ ಮಗ ಕೆಂಪರಾಜು. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು:

"ಯಾಕ್ ಬಂದ್ರಿ?"

ಹೊರಟು ಹೋಗಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ನಮ್ಮ ಕಡೆ ಹಾಗೆ ಕೇಳಿದರೆ ಗೇಟು ತೋರಿಸಿದಂತೆ. "ರೇಷ್ಮೆ ಇಲಾಖೆಯಿಂದ" ಎಂದು ತೊದಲಿದೆ.

"ಅದ್ ಗೊತ್ತಾಯ್ತದೆ ಬುಡಿ, ಕೈಲಿ ಫೈಲ್ ಅದೆ. ಮೊಕ ಯಾಕೆ ಇಂಗ್ ಬಾಡೋಗದೆ? ಉಂಡಿದ್ದೀರಾ ಇಲ್ವಾ? ಕುಂತ್ಕಳಿ."

ಕೂರಿಸಿ ಮುದ್ದೆ ಇಟ್ಟರು. ನಾನು ಅಗಿದೆ. "ಅಗೀಬ್ಯಾಡಿ ಕಣವ್ವ, ನುಂಗಿ" ಎಂದರು. ನುಂಗಲು ಹೋಗಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಆ ನೀರಿನ ಜೊತೆ ಬೇರೆ ನೀರೂ ಸೇರಿ ಬಂದದ್ದು ನನಗೆ ಮಾತ್ರ ಗೊತ್ತು.

ಆ ಮನೆಯಲ್ಲೇ ನನ್ನ ಮೊದಲ ಪಾಠವೂ ಆಯಿತು. ಮದ್ದೂರಿನ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿಕೊಂಡು ಮಲಗಿದ್ದವಳು ಅದೇ ಕೋಣೆಯಲ್ಲಿ ನೇತುಹಾಕಿದ್ದ ಸೀರೆ ಉಟ್ಟು ಹುಳಮನೆಗೆ ಹೋಗಿದ್ದೆ. ಸೊಳ್ಳೆ ಬತ್ತಿಯ ಹೊಗೆ ರೇಷ್ಮೆ ಹುಳಕ್ಕೆ ವಿಷ ಎಂದು ತರಬೇತಿಯಲ್ಲಿ ಬರೆದುಕೊಂಡಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಪುಟ್ಟತಾಯಮ್ಮ ಬಾಗಿಲಲ್ಲೇ ಕೈ ಅಡ್ಡ ಹಿಡಿದರು. "ಅಲ್ಲೇ ನಿಂತ್ಕಳಿ! ಏನಿದು ವಾಸ್ನೆ? ನೀವೇ ನಮ್ಗೆ ಏಳ್ಕೊಡೋರು, ನೀವೇ ಇಂಗೆ ಬಂದ್ರೆ?" ಎಂದು ಬೈದು, ಒಳಗಿನಿಂದ ತಮ್ಮದೇ ಹಳೆಯ ಸೀರೆಯೊಂದನ್ನು ತಂದು ಕೊಟ್ಟರು. ಅದನ್ನು ಉಟ್ಟು ಒಳಗೆ ಹೋದೆ. ಇಡೀ ಬೀದಿ ನೋಡಿ ನಕ್ಕಿತು.

ಹುಳಮನೆಯ ಬಾಗಿಲೆಂದರೆ ಅವರಿಗೆ ಗುಡಿಯ ಬಾಗಿಲಿಗಿಂತ ಕಟ್ಟುನಿಟ್ಟು. ಕಾಲು ತೊಳೆದು, ಹೊಸ್ತಿಲಲ್ಲಿ ಹಾಕಿದ ಸುಣ್ಣ ತುಳಿದು ಒಳಗೆ ಬರಬೇಕು. ಹೊಗೆಸೊಪ್ಪು ಹಾಕಿದವರು ಬರುವಂತಿಲ್ಲ. ಹೊರಗಿನವರು ಬರುವಂತಿಲ್ಲ. ಮುಟ್ಟಾದ ಹೆಂಗಸರು ಬರುವಂತಿಲ್ಲ. ಮೊದಲ ಮೂರಕ್ಕೆ ಕಾರಣ ಉಂಟು, ಇಲಾಖೆಯೂ ಅದನ್ನೇ ಹೇಳುತ್ತದೆ. ಕೊನೆಯದಕ್ಕೆ ಯಾವ ಕಾರಣವೂ ಇಲ್ಲ. ಮದ್ದೂರಿನಲ್ಲಿದ್ದ ನಮ್ಮ ಸಾಹೇಬರು ಮಾತ್ರ ಹೊಸಬರಿಗೆಲ್ಲ ಎಚ್ಚರಿಸುತ್ತಿದ್ದರು: "ಅದರ ಗೊಡವೆಗೆ ಹೋಗಬೇಡಿ. ಜನರ ನಂಬಿಕೆ. ನೀವು ಸೊಪ್ಪಿನ ಬಗ್ಗೆ ಮಾತಾಡಿ." ನಾನೂ ಸೊಪ್ಪಿನ ಬಗ್ಗೆ ಮಾತ್ರ ಮಾತಾಡಿಕೊಂಡಿದ್ದೆ.

ವರ್ಷಕ್ಕೊಂದು ವರ್ಗದ ಅರ್ಜಿ ಹಾಕುತ್ತಿದ್ದೆ. ಕರಾವಳಿಯ ಕಡೆ ನಮ್ಮ ಇಲಾಖೆಗೆ ಇದ್ದ ಕಚೇರಿಗಳೇ ಬೆರಳೆಣಿಕೆ. ಅದರಲ್ಲೊಂದು ಕುರ್ಚಿ ಯಾವಾಗ ಖಾಲಿಯಾಗುತ್ತದೆ ಎಂದು ಕಾಯುವುದೇ ನನ್ನ ಬದುಕಾಗಿತ್ತು. ಪ್ರಾರ್ಥನೆಯಲ್ಲೂ ಅದೊಂದೇ ಮಾತು. ದೇವರಿಗೂ ಬೇಸರ ಬಂದಿರಬೇಕು.

ಶಿವನಸಮುದ್ರದ ಹತ್ತಿರ, ಬ್ಲಫ್‌ನ ವಿದ್ಯುತ್ ಕೇಂದ್ರದ ಕ್ವಾರ್ಟರ್ಸ್‌ನಲ್ಲಿ ನಮ್ಮ ಸಭೆಗೆ ಸೇರಿದ ಒಂದು ಕುಟುಂಬ ಇತ್ತು. ತಿಂಗಳಿಗೊಮ್ಮೆ ಮಂಡ್ಯದಿಂದ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಅಲ್ಲಿಗೆ ಬಂದು ಪ್ರಾರ್ಥನಾ ಕೂಟ ನಡೆಸುತ್ತಿದ್ದರು. ನಾನು ಮದ್ದೂರಿನಿಂದ ಮಳವಳ್ಳಿಗೆ, ಅಲ್ಲಿಂದ ಬೆಳಕವಾಡಿ ದಾಟಿ ಬ್ಲಫ್‌ಗೆ ಬಸ್ಸು ಹಿಡಿದು ತಪ್ಪದೆ ಹೋಗುತ್ತಿದ್ದೆ. ಪ್ರಾರ್ಥನೆಗಾಗಿ ಹೋಗುತ್ತಿದ್ದೆ ಎಂದರೆ ಅರ್ಧ ಸುಳ್ಳು. ಶಿವನಸಮುದ್ರದಲ್ಲಿ ನದಿ ಬೀಳುವ ಸದ್ದಿದೆಯಲ್ಲ, ದೂರ ನಿಂತು ಕಣ್ಣು ಮುಚ್ಚಿದರೆ ಅದು ನಮ್ಮೂರಿನ ಸಮುದ್ರ. ಅದನ್ನು ಕೇಳಲು ಹೋಗುತ್ತಿದ್ದೆ. ಕಣ್ಣು ತೆರೆಯಲು ಮನಸ್ಸೇ ಬರುತ್ತಿರಲಿಲ್ಲ.

ಹೀಗೆ ಐದು ವರ್ಷ ಕಳೆದು ಆರನೆಯದು ನಡೆಯುತ್ತಿದ್ದಾಗ ಕಪ್ಪು ಪೆಟ್ಟಿಗೆಯ ಸಂಗತಿ ನಡೆಯಿತು.

ರೇಷ್ಮೆ ಮೊಟ್ಟೆ ಗಸಗಸೆ ಕಾಳಿನಷ್ಟಿರುತ್ತದೆ. ಮರಿ ಹೊರಬರುವ ಹೊತ್ತು ಹತ್ತಿರವಾದಾಗ ನೀಲಿಗೆ ತಿರುಗುತ್ತದೆ. ಆಗ ಮೊಟ್ಟೆ ಹಾಳೆಗಳನ್ನು ಕಪ್ಪು ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಎರಡು ದಿನ ಕತ್ತಲೆ ಮಾಡಬೇಕು. ಮುಂದೆ ಇರುವವು ಕತ್ತಲೆಯಲ್ಲಿ ಕಾಯುತ್ತವೆ, ಹಿಂದೆ ಉಳಿದವು ಬಂದು ಸೇರಿಕೊಳ್ಳುತ್ತವೆ. ಸರಿಯಾದ ದಿನ ಬೆಳಿಗ್ಗೆ ಬೆಳಕಿಗೆ ತೆರೆದರೆ ಎಲ್ಲ ಒಟ್ಟಿಗೇ ಏಳುತ್ತವೆ. ಒಟ್ಟಿಗೇ ಎದ್ದರೆ ಒಟ್ಟಿಗೇ ತಿನ್ನುತ್ತವೆ, ಒಟ್ಟಿಗೇ ಜ್ವರಕ್ಕೆ ಕೂರುತ್ತವೆ. ಜ್ವರ ಎಂದರೆ ಕಾಯಿಲೆಯಲ್ಲ, ಹುಳ ಪೊರೆ ಬಿಡುವುದಕ್ಕೆ ಅಲ್ಲಿನವರು ಹೇಳುವುದೇ ಹಾಗೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು, ಎದ್ದ ಹುಳವನ್ನು ಹಸಿವಿನಲ್ಲಿ ಇಡಬಾರದು. ತಟ್ಟೆಯಲ್ಲಿ ಎರಡೂ ಬೆರೆತರೆ ಸಾಕುವವರ ಗತಿ ಮುಗಿಯಿತು.

ಆಗ ಈ ಪದ್ಧತಿ ಅಲ್ಲಿ ಹೊಸದು. ನಾನೇ ಪುಟ್ಟತಾಯಮ್ಮನನ್ನು ಒಪ್ಪಿಸಿ ಅವರ ಮನೆಯಲ್ಲಿ ಮೊದಲು ಮಾಡಿಸಿದೆ. ಅಷ್ಟರಲ್ಲಿ ಕೆಂಪರಾಜುವಿನ ಮದುವೆಯಾಗಿ ವರ್ಷ ಕಳೆದಿತ್ತು. ಹೆಂಡತಿ ರತ್ನ, ಬೆಳಕವಾಡಿಯ ಹುಡುಗಿ. ಮಾತು ಕಮ್ಮಿ, ಕೈ ಚುರುಕು. ನಾನು ಒಂದು ಸಲ ಹೇಳಿದ್ದನ್ನು ಎರಡನೇ ಸಲ ಕೇಳಿದವಳಲ್ಲ. ಪೆಟ್ಟಿಗೆ ತೆರೆಯಬೇಕಾಗಿದ್ದದ್ದು ಭಾನುವಾರ ಬೆಳಿಗ್ಗೆ. ಆ ಭಾನುವಾರ ಈಸ್ಟರ್.

ಈಸ್ಟರ್ ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಮಂಡ್ಯದಲ್ಲಿ ಆರಾಧನೆ. ಹಾಡುವ ತಂಡದಲ್ಲಿ ನಾನೂ ಇದ್ದೆ. ಆಮೇಲೆ ನಮ್ಮೂರ ಕಡೆಯ ನರ್ಸ್ ಒಬ್ಬರ ಮನೆಯಲ್ಲಿ ಊಟ. ಅವರ ತಮ್ಮ ಊರಿನಿಂದ ಐಸಿನಲ್ಲಿಟ್ಟು ಮೀನು ತರುವವನಿದ್ದ. ನಮ್ಮ ಭಾಷೆ, ನಮ್ಮ ಊಟ, ನಮ್ಮ ನಗು. ವಾರದಿಂದ ಅದನ್ನೇ ಎಣಿಸಿಕೊಂಡಿದ್ದೆ. ಶನಿವಾರವೇ ಮಂಡ್ಯ ಸೇರಬೇಕಿತ್ತು.

"ನಾಳೆ ಬೆಳಿಗ್ಗೆ ನೀವೇ ತೆರೆಯಿರಿ" ಎಂದು ರತ್ನಳಿಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಇವರ ಕೈಗೆ ಬಿಟ್ಟರೆ ಕೆಡಿಸಿಬಿಡುತ್ತಾರೆ ಎಂಬ ಸೊಕ್ಕು ನನಗೆ. ಶನಿವಾರ ಬೆಳಿಗ್ಗೆ ನಾನೇ ಹೋಗಿ ಪೆಟ್ಟಿಗೆ ತೆರೆದೆ. ಅರ್ಧದಷ್ಟು ಮರಿಗಳು ಎದ್ದವು. ಇನ್ನರ್ಧ ನೀಲಿಯಾಗಿಯೇ ಮಲಗಿದ್ದವು. ಎದ್ದವನ್ನು ಬೇರೆ ತಟ್ಟೆಗೆ ತೆಗೆದು ಬೇರೆಯಾಗಿಯೇ ಸಾಕಿ ಎಂದು ಹೇಳಬೇಕಿತ್ತು. ಬಸ್ಸಿನ ಹೊತ್ತಾಗಿತ್ತು. "ಉಳಿದವು ಸಂಜೆಯೊಳಗೆ ಏಳುತ್ತವೆ, ಎಲ್ಲ ಒಂದರಲ್ಲೇ ಇಡಿ" ಎಂದು ಹೇಳಿ ಓಡಿದೆ.

ರತ್ನ ಬಾಗಿಲ ತನಕ ಬಂದಳು. "ಮೇಡಮ್ನೋರೆ, ಭಾನ್ವಾರ ತೆಗೀಬೇಕು ಅಂದಿದ್ರಲ್ಲ?"

"ಇವತ್ತಾದರೂ ನಡೆಯುತ್ತದೆ" ಎಂದೆ. ಮರುದಿನ ಮಂಡ್ಯದಲ್ಲಿ ಎದೆ ತುಂಬಿ ಹಾಡಿದೆ. ಮೀನು ತುಂಬ ರುಚಿಯಾಗಿತ್ತು. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಉಳಿದವು ಭಾನುವಾರ ಕೆಲವು, ಸೋಮವಾರ ಕೆಲವು ಎದ್ದವು. ಎರಡನೇ ಜ್ವರದ ಹೊತ್ತಿಗೇ ತಟ್ಟೆಗಳಲ್ಲಿ ಸಣ್ಣದು ದೊಡ್ಡದು ಬೆರೆತು ಹೋಗಿತ್ತು. ಮೂರನೆಯದು ದಾಟುವಾಗ ಕೂತವು ಸೊಪ್ಪಿನ ಅಡಿಯಲ್ಲಿ ಸಿಕ್ಕಿ ಸತ್ತವು, ಎದ್ದವು ಹಸಿದು ಸೊರಗಿದವು. ಮೇಲಿಂದ ಸಪ್ಪೆ ರೋಗ ಹತ್ತಿತು. ನಾನು ಹೋದಾಗ ಕೆಂಪರಾಜು ತಟ್ಟೆಗಟ್ಟಲೆ ಹುಳಗಳನ್ನು ಗುಂಡಿಗೆ ಸುರಿಯುತ್ತಿದ್ದ. ಪುಟ್ಟತಾಯಮ್ಮ ಜಗಲಿಯಲ್ಲಿ ಕೂತಿದ್ದರು. ರತ್ನ ಒಳಗೆ ಎಲ್ಲೋ ಅಳುತ್ತಿದ್ದಳು.

"ಇವ್ಳು ಆಚೆ ಕುಂತಿದ್ದ ದಿನ್ದಲ್ಲಿ ಒಳಿಕ್ ಓಗವ್ಳೆ ಮೇಡಮ್ಮ. ಪಕ್ಕದ್ಮನೆಯೋಳು ಕಂಡವ್ಳೆ. ಇಷ್ಟ್ ವರ್ಸದಲ್ಲಿ ನಮ್ಮನೇಲಿ ಇಂಗಾಗಿರ್ನಿಲ್ಲ. ನೀವೇ ಏಳಿ, ನೀವು ಓದ್ದೋರು. ಮುಟ್ಟಾದೋಳು ಬಂದ್ರೆ ಉಳ ಉಳಿತವಾ?"

ಇಲ್ಲಮ್ಮ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ತಪ್ಪು ನನ್ನದು, ಎಂದು ಹೇಳಬೇಕಿತ್ತು. ಆ ವಾರವೇ ಸಾಹೇಬರು ಕರೆದು, ಕರಾವಳಿಯಲ್ಲಿ ಕುರ್ಚಿ ಖಾಲಿಯಾಗಿದೆ, ನಿನ್ನ ಫೈಲು ಮೇಲೆ ಹೋಗಿದೆ ಎಂದು ಹೇಳಿದ್ದರು. ನಾನು ಸೆರಗು ಸರಿಮಾಡಿಕೊಂಡು, "ಹುಳಮನೆಯಲ್ಲಿ ಶುಚಿತ್ವ ಮುಖ್ಯ ಅಮ್ಮ" ಎಂದೆ. ಅಷ್ಟೇ ಹೇಳಿದ್ದು. ಅವರಿಗೆ ಅಷ್ಟೇ ಸಾಕಾಯಿತು. ಮರುದಿನ ರತ್ನಳನ್ನು ತವರಿಗೆ ಕಳಿಸಿಬಿಟ್ಟರು.

ಹೊಸಬರಿಗೆ ಒಂದು ಮಾತು. ಈ ಕೆಲಸದಲ್ಲಿ ತಪ್ಪಾಗುತ್ತದೆ, ಆಗದವರು ಯಾರೂ ಇಲ್ಲ. ನಾನು ಮಾಡಿದ ದೊಡ್ಡ ತಪ್ಪು ಶನಿವಾರದ್ದಲ್ಲ, ಜಗಲಿಯಲ್ಲಿ ಮಾಡಿದ್ದು.

ಮುಂದಿನ ತಿಂಗಳ ಕೂಟಕ್ಕೆ ಬ್ಲಫ್‌ಗೆ ಹೊರಟಾಗ ಬಸ್ಸು ಬೆಳಕವಾಡಿಯಲ್ಲಿ ನಿಂತಿತು. ರಸ್ತೆಯ ಪಕ್ಕ ರತ್ನ ನಿಂತಿದ್ದಳು. ತಲೆಯ ಮೇಲೆ ಮೇವಿನ ಹೊರೆ. ನನ್ನನ್ನು ಕಂಡು ಕಿಟಕಿಯ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಚೆನ್ನಾಗಿದ್ದೀರಾ ಮೇಡಮ್ನೋರೆ? ನಮ್ಮೂರ್ ಕಡೆ ಓಗಿದ್ರಾ? ಕೆಳಗ್ಲ ತೋಟದ ಸೊಪ್ಪು ಚಿಗುರ್ತಾ? ಔರು ಒತ್ಗೆ ಸರ್ಯಾಗಿ ಉಣ್ತಾವ್ರಾ?"

ಹೋಗಿಲ್ಲ ಎಂದೆ. ಹೋಗಲು ಧೈರ್ಯ ಬಂದಿರಲಿಲ್ಲ.

"ನಾನು ಒಳಿಕ್ ಓಗಿರ್ನಿಲ್ಲ ಕಣಿ. ನಿಮ್ಮಾಣೆ. ಅತ್ತೆ ನಂಬ್ನಿಲ್ಲ. ಇಲ್ಲಿ ನಮ್ಮವ್ವ ಅಪ್ಪ ಚೆನ್ನಾಗೇ ನೋಡ್ಕತಾರೆ, ಅದೇನ್ ಕೊರೆ ಇಲ್ಲ. ಆದ್ರೂವೆ ಒತ್ತಾರೆ ಎದ್ರೆ ಕೈ ಸೊಪ್ಪು ಉಡುಕ್ತದೆ. ನಮ್ಮೂರು ನೆಪ್ಪಾಗ್ಬುಡ್ತದೆ."

ಬಸ್ಸು ಹೊರಟಿತು. ನನ್ನ ಕಿವಿ ಸಮುದ್ರ ಹುಡುಕುವ ಹಾಗೆಯೇ ಅವಳ ಕೈ ಸೊಪ್ಪು ಹುಡುಕುತ್ತಿತ್ತು. ನಾನು ಬಿಟ್ಟು ಹೋಗಲು ಆರು ವರ್ಷದಿಂದ ದೇವರ ಕಾಲು ಹಿಡಿದಿದ್ದ ಊರಿಗೆ ಹಿಂದಿರುಗಲು ಅವಳು ಹಂಬಲಿಸುತ್ತಿದ್ದಳು. ಅದನ್ನು ಅವಳಿಂದ ಕಿತ್ತುಕೊಂಡವಳು ನಾನು.

ಕೂಟ ಮುಗಿದ ಮೇಲೆ ಅಯ್ಯನವರು ಎಂದಿನಂತೆ, "ನಿನ್ನ ವರ್ಗಕ್ಕಾಗಿ ಪ್ರಾರ್ಥಿಸೋಣವಾ?" ಎಂದರು. ಈ ಸಲ ಬೇಡ ಎಂದೆ. ಅವರು ಕಾಫಿ ಲೋಟ ಕೆಳಗಿಟ್ಟು ಬೈಬಲಿನಲ್ಲಿ ಬರುವ ಹಳೆಯ ಕಾಲದ ಒಂದು ಸಂಗತಿ ಹೇಳಿದರು. ದೇವಜನರನ್ನು ಶತ್ರುಗಳು ಸೆರೆ ಹಿಡಿದು ಪರದೇಶಕ್ಕೆ ಒಯ್ದಿದ್ದರು. ಅವರು ಅಲ್ಲಿ ದಿನಾ ತಮ್ಮೂರನ್ನು ನೆನೆದು ಅಳುತ್ತಿದ್ದರು. ಊರಿನಲ್ಲಿ ಉಳಿದಿದ್ದ ಪ್ರವಾದಿ ಅವರಿಗೊಂದು ಕಾಗದ ಬರೆದ. ನಾಳೆಯೇ ಬಿಡುಗಡೆ ಎಂದು ಬರೆಯಲಿಲ್ಲ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ನಿಮ್ಮನ್ನು ಸೆರೆ ಒಯ್ದ ಆ ಊರೇ ಚೆನ್ನಾಗಿರಲಿ ಎಂದು ಬೇಡಿಕೊಳ್ಳಿ ಎಂದು ಬರೆದ.

"ನನ್ನನ್ನು ಯಾರೂ ಸೆರೆ ತಂದಿಲ್ಲವಲ್ಲ" ಎಂದೆ ಸ್ವಲ್ಪ ಸಿಡುಕಿನಿಂದಲೇ.

"ಹಾಗಿದ್ದರೆ ಇನ್ನೂ ಸುಲಭ. ನೀನು ಚಿಕ್ಕರಸಿನಕೆರೆಗಾಗಿ ಯಾವತ್ತಾದರೂ ಬೇಡಿಕೊಂಡಿದ್ದೀಯಾ?"

"ಅಲ್ಲಿ ನನಗೆ ಯಾರಿದ್ದಾರೆ?"

"ಆರು ವರ್ಷ ಅವರ ಮನೆಯ ಮುದ್ದೆ ತಿಂದಿದ್ದೀಯ ಮಗಳೇ" ಎಂದು ಎದ್ದು ಚೀಲ ತೆಗೆದುಕೊಂಡರು.

ಮರುದಿನ ಬೆಳಿಗ್ಗೆ ಕೋಣೆಯಲ್ಲಿ ಮೊಣಕಾಲೂರಿದೆ. ಆಗಲಿ, ಅದನ್ನೂ ಒಂದು ನೋಡೋಣ ಎಂಬ ಹಟದಲ್ಲಿ. ಊರಿನ ಹೆಸರು ಹೇಳಿದೆ. ಪುಟ್ಟತಾಯಮ್ಮನ ಹೆಸರು ಹೇಳಿದೆ. ಅವರ ಮನೆ ಚೆನ್ನಾಗಿರಲಿ ಎಂದು ಹೇಳಹೊರಟೆ, ಬಾಯಿ ಬರಲಿಲ್ಲ. ಆ ಮನೆ ಚೆನ್ನಾಗಿಲ್ಲದಂತೆ ಮಾಡಿದವಳೇ ಕೈ ಮುಗಿದು ಕೂತಿದ್ದೆ. ಇದನ್ನು ದೇವರಿಗೆ ಹೇಳಿ ಪ್ರಯೋಜನವಿರಲಿಲ್ಲ, ದೇವರಿಗೆ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೇಳಬೇಕಿತ್ತು.

ಮೊದಲು ಕಚೇರಿಗೆ ಹೋದೆ. ನನ್ನ ಪ್ರವಾಸ ಡೈರಿಯಲ್ಲಿ, ಪೆಟ್ಟಿಗೆಯನ್ನು ಒಂದು ದಿನ ಮೊದಲೇ ತೆರೆದದ್ದರಿಂದ ಬೆಳೆ ಹಾಳಾಯಿತು, ತಪ್ಪು ನನ್ನದು ಎಂದು ಬರೆದು ಸಾಹೇಬರ ಮುಂದಿಟ್ಟೆ. ಅವರು ಓದಿ ಕನ್ನಡಕ ತೆಗೆದರು. ಒಳ್ಳೆಯ ಮನುಷ್ಯ, ಹಾಸನದವರು, ಜಗಳವೆಂದರೆ ಆಗದು.

"ಇದು ಬೇಡಮ್ಮ. ಸಹಿ ಹಾಕಿ ಮೇಲೆ ಕಳಿಸಿದರೆ ನಿನಗೆ ಮೆಮೊ ಬರುತ್ತೆ. ಮೆಮೊ ಬಂದರೆ ನಿನ್ನ ವರ್ಗ ಅಲ್ಲೇ ನಿಂತುಹೋಗುತ್ತೆ. ಯಾರೂ ಕೇಳಿಲ್ಲ, ಯಾರೂ ದೂರು ಕೊಟ್ಟಿಲ್ಲ. ಹಾಳೆ ಹರಿದು ಹಾಕು."

"ಒಬ್ಬ ಹೆಂಗಸು ತವರಿನಲ್ಲಿ ಕೂತಿದ್ದಾಳೆ ಸರ್. ನಾನು ಅವರಿಗೆ ಒಂದು ಹೇಳಿ, ನಾಳೆ ಇಲಾಖೆಯ ಕಾಗದದಲ್ಲಿ ಬೇರೆ ಕಾರಣ ಇತ್ತು ಅಂತ ಆಗಬಾರದು."

ಅವರು ಮತ್ತೆ ಕನ್ನಡಕ ಏರಿಸಿಕೊಂಡು ಸಹಿ ಹಾಕಿದರು. ನಾನು ಹೊರಗೆ ಬಂದು ಕಚೇರಿಯ ಹಿಂದಿನ ನಲ್ಲಿಯ ಹತ್ತಿರ ನಿಂತು ಅತ್ತೆ. ಧೈರ್ಯ ಮಾಡಿದೆ ಎಂಬ ಸಂತೋಷವೇನೂ ಇರಲಿಲ್ಲ. ಸಮುದ್ರ ಕೈಬಿಟ್ಟು ಹೋಯಿತು ಎಂದು ಅತ್ತೆ.

ಅಲ್ಲಿಂದ ಚಿಕ್ಕರಸಿನಕೆರೆಯ ಬಸ್ಸು ಹತ್ತಿದೆ. ಪುಟ್ಟತಾಯಮ್ಮ ಅಂಗಳದಲ್ಲಿ ತಟ್ಟೆಗಳನ್ನು ತೊಳೆದು ಬಿಸಿಲಿಗಿಡುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಶನಿವಾರ, ಬಸ್ಸು, ಹಾಡು, ಮೀನು ಯಾವುದನ್ನೂ ಬಿಡಲಿಲ್ಲ. ಜಗಲಿಯಲ್ಲಿ ಆಡಿದ ಮಾತನ್ನೂ ಹೇಳಿದೆ. ಅವರು ಕೈಯಲ್ಲಿದ್ದ ತಟ್ಟೆಯನ್ನು ಗೋಡೆಗೊರಗಿಸಿದರು.

"ಇಷ್ಟ್ ದಿನ ಬಾಯಿಗೆ ಏನ್ ಮಡಿಕಂಡಿದ್ರಿ?"

"ವರ್ಗದ ಆಸೆ ಅಮ್ಮ" ಎಂದೆ.

"ಉಳ ಓದ್ರೆ ಓಗ್ಲಿ, ಇನ್ನೊಂದ್ ಬೆಳೆ ಬತ್ತದೆ. ಆ ಮಗೀನ್ ಮೇಲೆ ನನ್ ಬಾಯಿಂದ ಏನೆಲ್ಲ ಅನ್ನುಸ್ಬುಟ್ರಲ್ಲವ್ವ! ನೀವ್ ಒಂದ್ ಮಾತ್ ಅಂದಿದ್ರೆ ನಾನು ಯಾಕ್ ಕಳುಸ್ತಿದ್ದೆ?" ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಮುಗಿಯಿತು, ಇನ್ನು ಈ ಮನೆಯ ಬಾಗಿಲು ನನಗಿಲ್ಲ ಎಂದುಕೊಂಡು ಗೇಟಿನ ಕಡೆ ತಿರುಗಿದೆ. ಹಿಂದಿನಿಂದ ಅವರ ದನಿ ಬಂತು.

"ಎಲ್ಲಿಗೋಯ್ತೀರಿ? ನಿಂತ್ಕಳಿ. ಸೀರೆ ಬದ್ಲಾಯ್ಸ್ಕಂಡ್ ಬತ್ತೀನಿ. ಬೆಳಕವಾಡಿಗೆ ನೀವೂ ಬರ್ಬೇಕು. ನಾನ್ ಏಳುದ್ರೆ ಅವ್ರಪ್ಪ ನಂಬಕಿಲ್ಲ. ನಿಮ್ ಬಾಯಲ್ಲೇ ಏಳ್ಬೇಕು."

ಇಬ್ಬರೂ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತು ಮಳವಳ್ಳಿಯ ತನಕ ಒಂದು ಮಾತೂ ಆಡಲಿಲ್ಲ. ಅಲ್ಲಿ ಬಸ್ಸು ಬದಲಾಯಿಸುವಾಗ ಅವರು ಎರಡು ಬಾಳೆಹಣ್ಣು ಕೊಂಡು ಒಂದನ್ನು ನನ್ನ ಕೈಗಿಟ್ಟರು. ಅದರಲ್ಲಿ ಕ್ಷಮೆ ಇತ್ತೋ, ಮಧ್ಯಾಹ್ನದ ಹಸಿವು ಮಾತ್ರ ಇತ್ತೋ ತಿಳಿಯಲಿಲ್ಲ. ತಿಂದೆ.

ಬೆಳಕವಾಡಿಯಲ್ಲಿ ರತ್ನಳ ಅಪ್ಪ, ಅವ್ವ, ಅಕ್ಕಪಕ್ಕದವರ ಎದುರಿಗೆ ಮತ್ತೊಮ್ಮೆ ಹೇಳಿದೆ. ಮುಟ್ಟಿಗೂ ಹುಳಕ್ಕೂ ಯಾವ ಸಂಬಂಧವೂ ಇಲ್ಲ ಎಂಬುದನ್ನೂ ಆರು ವರ್ಷದ ಮೇಲೆ ಮೊದಲ ಬಾರಿ ಬಾಯಿಬಿಟ್ಟು ಹೇಳಿದೆ. ರತ್ನಳ ಅಪ್ಪ ಒರಟಾಗಿ ನಾಲ್ಕು ಮಾತಾಡಿದರು, ಆಡಬೇಕಾದದ್ದೇ. ಪುಟ್ಟತಾಯಮ್ಮ ತಲೆ ತಗ್ಗಿಸಿ ಕೇಳಿಸಿಕೊಂಡು, "ತಪ್ಪಾಯ್ತು, ಬಾ ಮಗ" ಎಂದರು. ರತ್ನ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳು ನೋಡಿದ್ದು ಅತ್ತೆಯನ್ನಲ್ಲ, ನನ್ನನ್ನು.

"ಬತ್ತೀನಿ. ಆದ್ರೆ ಒಂದ್ ಮಾತು. ಇನ್ಮೇಕೆ ಪೆಟ್ಗೆ ತೆಗ್ಯಾದು ನಾನೇಯ. ದಿನ ಎಣ್ಸಾದೂ ನಾನೇಯ. ನೀವು ಪಕ್ದಲ್ಲಿ ನಿಂತ್ಕಂಡ್ ನೋಡಿ."

"ಆಯ್ತು" ಎಂದೆ. ಅತ್ತೆಯೂ "ಆಯ್ತು" ಎಂದರು.

ಮುಂದಿನ ಬೆಳೆಗೆ ಹಾಗೆಯೇ ಆಯಿತು. ಪೆಟ್ಟಿಗೆ ತೆರೆಯುವ ದಿನ ಮತ್ತೆ ಭಾನುವಾರವೇ ಬಂತು. ಆರಾಧನೆಗೆ ಹೋಗಲಿಲ್ಲ. ಬೆಳಿಗ್ಗೆ ಬೇಗ ಹೋಗಿ ಅವರ ಹುಳಮನೆಯ ಬಾಗಿಲಲ್ಲಿ ಕಾಲು ತೊಳೆದು ನಿಂತೆ. ರತ್ನ ಕಪ್ಪು ಕಾಗದ ಬಿಡಿಸಿದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಹಾಳೆಯ ತುಂಬ ಎಳ್ಳಿಗಿಂತ ಸಣ್ಣ ಕಪ್ಪು ಜೀವಗಳು ಒಂದೇ ಸಲಕ್ಕೆ ಅಲ್ಲಾಡತೊಡಗಿದವು. ಅವಳು ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಿದಳು. ಪುಟ್ಟತಾಯಮ್ಮ ತಮ್ಮ ದೇವರಿಗೆ ಕೈ ಮುಗಿದರು, ನಾನು ಕಣ್ಣು ಮುಚ್ಚಿ ನನ್ನ ದೇವರ ಹತ್ತಿರ ಈ ಮನೆ ಚೆನ್ನಾಗಿರಲಿ ಎಂದೆ. ಈ ಸಲ ಮಾತು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಕಣ್ಣು ತೆರೆದಾಗ ರತ್ನ ನಗುತ್ತಿದ್ದಳು. "ಮೇಡಮ್ನೋರು ನಿಂತ್ಕಂಡೇ ನಿದ್ದೆ ಒಡಿತಾವ್ರೆ ನೋಡತ್ತೆ" ಎಂದಳು.

ಮೆಮೊ ಬಂತು, ವರ್ಗ ನಿಂತಿತು. ಆ ಕುರ್ಚಿಗೆ ಬೇರೆ ಯಾರೋ ಹೋದರು. ಅದಾಗಿ ಎರಡು ವರ್ಷಕ್ಕೆ ಸಾಹೇಬರೇ ಒಂದು ಅರ್ಜಿ ನಮೂನೆ ಕೈಗಿಟ್ಟು, "ಈ ಸಲ ಹಾಕಮ್ಮ, ಆಗುತ್ತೆ, ನಾನು ಮಾತಾಡಿದ್ದೇನೆ" ಎಂದರು. ಚೀಲಕ್ಕೆ ಹಾಕಿಕೊಂಡೆ. ಆ ವಾರ ಮೂರು ಊರುಗಳಲ್ಲಿ ಬೆಳೆ ಜ್ವರದಲ್ಲಿತ್ತು, ಒಂದು ಕಡೆ ಹುಳ ಕೊಲ್ಲುವ ಊಜಿ ನೊಣದ ಕಾಟ. ತಿಂಗಳ ಮೇಲೆ ಚೀಲ ಕೊಡವುವಾಗ ಅರ್ಜಿ ಕೆಳಗೆ ಬಿತ್ತು, ಒಣಗಿದ ಸೊಪ್ಪಿನ ಎಲೆಯೊಂದು ಅದಕ್ಕೆ ಅಂಟಿತ್ತು. ಕೊನೆಯ ದಿನ ದಾಟಿ ಹೋಗಿತ್ತು. ಎದೆ ಧಸಕ್ಕೆನ್ನುತ್ತದೆ ಎಂದು ಕಾದೆ. ಏನೂ ಆಗಲಿಲ್ಲ. ನಕ್ಕುಬಿಟ್ಟೆ.

ಸಮುದ್ರದ ಆಸೆ ಹೋಯಿತು ಎಂದು ತಿಳಿಯಬೇಡಿ. ಬ್ಲಫ್‌ನ ಕೂಟಕ್ಕೆ ಮೊದಲಿನ ಹಾಗೆಯೇ ಹೋಗುತ್ತಿದ್ದೆ, ನೀರಿನ ಸದ್ದಿಗೆ ಕಣ್ಣು ಮುಚ್ಚುತ್ತಿದ್ದೆ. ಆದರೆ ಕಣ್ಣು ತೆರೆಯಲು ಭಯವಾಗುತ್ತಿರಲಿಲ್ಲ. ತೃಪ್ತಿ ಬಂದರೆ ಹಂಬಲ ಸತ್ತುಹೋಗುತ್ತದೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ, ಎರಡೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಇದ್ದವು. ನನ್ನ ಪಾಲಿಗೆ ದೇವರು ಊರನ್ನು ಬದಲಾಯಿಸಿಕೊಡಲಿಲ್ಲ, ಬೇಡಿಕೊಳ್ಳಲು ಜನರನ್ನು ಕೊಟ್ಟ. ಒಬ್ಬೊಬ್ಬರ ಹೆಸರು ಹೇಳಿ ಬೇಡಿಕೊಳ್ಳುತ್ತಾ ಹೋದ ಹಾಗೆ ಆ ಊರು ನನ್ನದಾಯಿತು. ನಾನು ಇದನ್ನು ಉಪದೇಶಕ್ಕೆ ಹೇಳುತ್ತಿಲ್ಲ, ಆದದ್ದು ಹೀಗೆ.

ಕೆಲಸದ ರೀತಿ ಆಮೇಲೆ ಪೂರ್ತಿ ಬದಲಾಯಿತು. ಬಿದಿರಿನ ತಟ್ಟೆ ಹೋಗಿ ಅಂತಸ್ತಿನ ಮಂಚಗಳು ಬಂದವು. ಎಲೆ ಕಿತ್ತು ಹಾಕುವ ಬದಲು ರೆಂಬೆಯನ್ನೇ ಕುಯ್ದು ಹಾಕುತ್ತಾರೆ. ಗೂಡು ಕಟ್ಟಿಸಲು ಬಿದಿರಿನ ಚಂದ್ರಿಕೆಯ ಜಾಗಕ್ಕೆ ಪ್ಲಾಸ್ಟಿಕ್ ನೇತ್ರಿಕೆ ಬಂದಿದೆ. ಮನೆಮನೆಯಲ್ಲಿ ಮೊಟ್ಟೆ ಇಟ್ಟು ಮರಿ ಮಾಡುವುದೂ ನಿಂತಿದೆ. ಚಾಕಿ ಕೇಂದ್ರ ಅಂತ ಮಾಡಿ, ಎಳೆಯ ಹುಳಗಳನ್ನು ಎರಡು ಜ್ವರ ದಾಟಿಸಿ ರೈತರಿಗೆ ಕೊಡುತ್ತಾರೆ. ಆ ಸುತ್ತಿನ ಊರುಗಳಿಗೆಲ್ಲ ಈಗ ಹುಳ ಕೊಡುವ ಚಾಕಿ ಕೇಂದ್ರ ರತ್ನಳದು. ಅಷ್ಟೂ ಊರುಗಳ ಪೆಟ್ಟಿಗೆಯನ್ನು ಅವಳೇ ತೆರೆಯುತ್ತಾಳೆ. ಅಲ್ಲಿ ಕೆಲಸ ಮಾಡುವ ಹೆಂಗಸರು ತಿಂಗಳ ಎಲ್ಲ ದಿನವೂ ಒಳಗೆ ಹೋಗುತ್ತಾರೆ.

ಪುಟ್ಟತಾಯಮ್ಮ ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಕೊನೆಯ ದಿನಗಳಲ್ಲಿ ನೋಡಲು ಹೋದಾಗ, "ಯಾಕ್ ಬಂದ್ರಿ?" ಎಂದರು. ಆ ಮಾತಿನಷ್ಟು ಪ್ರೀತಿಯ ಸ್ವಾಗತ ನನಗೆ ಇನ್ನೆಲ್ಲೂ ಸಿಕ್ಕಿಲ್ಲ. ಅವರು ಕೊಟ್ಟ ಹಳೆಯ ಸೀರೆ ಟ್ರಂಕಿನಲ್ಲಿ ಪ್ರಶಂಸಾ ಪತ್ರಗಳ ಮೇಲಿದೆ.

ನಿವೃತ್ತಳಾಗಿ ಊರಿಗೆ ಬಂದೆ, ತಂಗಿಯ ಮನೆಯ ಪಕ್ಕ. ಈಗ ಕಿಟಕಿಯಿಂದ ಸಮುದ್ರ ಕಾಣುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಹಂಬಲಿಸಿದ್ದು ಕೈಗೆ ಸಿಕ್ಕಿದೆ. ಬೆಳಿಗ್ಗೆ ಎದ್ದರೆ ಕಿವಿ ಕಬ್ಬಿನ ಲಾರಿ ಹುಡುಕುತ್ತದೆ. ಮೊನ್ನೆ ಭಾನುವಾರ ದೇವಾಲಯದಲ್ಲಿ ಇಲ್ಲಿನ ಅಯ್ಯನವರು ನನ್ನನ್ನು ಎಬ್ಬಿಸಿ, "ನಮ್ಮ ಊರಿಗಾಗಿ ಪ್ರಾರ್ಥಿಸಿ ಅಕ್ಕ" ಎಂದರು. ಕಣ್ಣು ಮುಚ್ಚಿದೆ. ಕರ್ತನೇ, ಚಿಕ್ಕರಸಿನಕೆರೆಯನ್ನು ನೆನಪು ಮಾಡಿಕೋ, ನಾಲೆಗೆ ನೀರು ಬರಲಿ, ಸೊಪ್ಪು ಚೆನ್ನಾಗಿ ಚಿಗುರಲಿ, ಎಂದು ಶುರು ಮಾಡಿ ಸುಮಾರು ದೂರ ಹೋಗಿಬಿಟ್ಟೆ. ಮೀನುಗಾರರ ಸಭೆ ಸಭ್ಯತೆಯಿಂದ ಆಮೆನ್ ಎಂದಿತು. ತಂಗಿ ಮನೆಗೆ ಬರುವ ತನಕ ನಕ್ಕಳು.

ಅದನ್ನು ಫೋನಿನಲ್ಲಿ ರತ್ನಳಿಗೆ ಹೇಳಿದೆ. ಪ್ರತಿ ಸಲ ಪೆಟ್ಟಿಗೆ ತೆರೆಯುವ ಹಿಂದಿನ ದಿನ ಅವಳು ಫೋನ್ ಮಾಡುತ್ತಾಳೆ, "ನಾಳೆ ಒತ್ತಾರೆ ತೆಗೀತೀನಿ, ನಿಮ್ ದೇವ್ರಿಗೆ ವಸಿ ಏಳ್ಬುಡಿ" ಎನ್ನುತ್ತಾಳೆ. ಇದನ್ನು ಕೇಳಿ ಅವಳು ನಗಲಿಲ್ಲ.

"ಅದ್ರಲ್ಲೇನ್ ತಪ್ಪು? ನಿಮ್ಮೂರ್ಗೆ ನೀವು ಬೇಡ್ಕಂಡ್ರಿ." ಆಮೇಲೆ ಕೇಳಿದಳು: "ಅಲ್ಲಿ ಇರಾಕೆ ಆಯ್ತದಾ ನಿಮ್ಗೆ?"

"ಕಲೀತಾ ಇದ್ದೇನೆ" ಎಂದೆ.

"ಕಲ್ತ್ಕಳಿ. ನಾನೂ ನಮ್ ದೇವ್ರಿಗೆ ಏಳಿವ್ನಿ. ನೀವಿರೋ ಊರು ಚೆಂದಾಗಿರ್ಲಿ ಅಂತವ."

ಮಂಡ್ಯದ ಅಯ್ಯನವರು ಹೇಳಿದ ಆ ಪ್ರವಾದಿಯ ಕಾಗದದ ಕಥೆಯನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಫೋನಿಟ್ಟು ಇದನ್ನು ಬರೆಯಲು ಕೂತೆ.

ಮಗಳೇ, ವರ್ಗದ ಅರ್ಜಿ ಹಾಕು, ಅದು ತಪ್ಪಲ್ಲ. ಯಾರನ್ನು ಹಿಡಿಯಬೇಕು ಎಂದು ಕೇಳಿದೆಯಲ್ಲ, ಅದು ಆಗುವ ತನಕ ರತ್ನಳನ್ನು ಹಿಡಿ. ಬರುವ ಗುರುವಾರ ಅವಳು ಪೆಟ್ಟಿಗೆ ತೆರೆಯುತ್ತಾಳೆ. ಸೊಳ್ಳೆ ಬತ್ತಿಯ ವಾಸನೆ ಇಲ್ಲದ ಬಟ್ಟೆ ಹಾಕಿಕೊಂಡು ಬೇಗ ಹೋಗು, ಕಾಲು ತೊಳೆದು ಪಕ್ಕದಲ್ಲಿ ನಿಂತು ನೋಡು, ಏನನ್ನೂ ಮುಟ್ಟಬೇಡ. ಎದ್ದವಾ, ಎಲ್ಲ ಒಟ್ಟಿಗೇ ಎದ್ದವಾ ಎಂದು ಅಲ್ಲಿಂದಲೇ ನನಗೊಂದು ಫೋನ್ ಮಾಡು. ಇಲ್ಲಿ ಸಮುದ್ರದ ಸದ್ದು ಜಾಸ್ತಿ, ಸ್ವಲ್ಪ ಜೋರಾಗಿ ಹೇಳು.